ನಿಲಯ ತೆರವಿಗೆ ಐದು ದಿನ: ಒಂದು ರಜೆ ಸುತ್ತೋಲೆಯ ಪ್ರಕರಣ

ಇದು ಉತ್ತರ ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ 2024ರ ಡಿಸೆಂಬರ್‌ನಲ್ಲಿ ನಡೆದದ್ದು. ಆಗ ನಾನು ಅಲ್ಲಿ ಪಾಠ ಹೇಳುತ್ತಿದ್ದೆ. ಜೊತೆಗೆ ವಿದ್ಯಾರ್ಥಿನಿಲಯಗಳ ಮುಖ್ಯ ನಿಲಯಪಾಲಕನ ಹೆಚ್ಚುವರಿ ಪ್ರಭಾರವೂ ನನ್ನ ಮೇಲಿತ್ತು. ಸಂಸ್ಥೆಯ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆದರೆ ಯಾವ ತೀರ್ಮಾನ ಯಾವ ದಿನ ಆಯಿತು ಎಂಬುದನ್ನು ಬದಲಿಸಿಲ್ಲ, ಏಕೆಂದರೆ ಈ ಪ್ರಕರಣದಲ್ಲಿ ಕ್ಯಾಲೆಂಡರಿನ ದಿನಗಳೇ ನಮ್ಮನ್ನು ಎಡವಿಸಿದವು. ನಿಲಯಗಳ ಹೊಣೆ ಹೊತ್ತವರು, ಕುಲಸಚಿವರ ಕಚೇರಿಯಲ್ಲಿ ಸುತ್ತೋಲೆಯ ಕರಡು ಬರೆಯುವವರು ಇದನ್ನು ಓದಲಿ ಎಂಬುದು ನನ್ನ ಆಸೆ.

ಹಿನ್ನೆಲೆ

ಊರಿನಿಂದ ಏಳೆಂಟು ಕಿಲೋಮೀಟರ್ ಆಚೆ, ಕಪ್ಪು ಮಣ್ಣಿನ ಬಯಲಿನಲ್ಲಿ ನಮ್ಮ ಆವರಣ. ಐದು ವಿದ್ಯಾರ್ಥಿನಿಲಯಗಳು, ಎರಡು ಅಡುಗೆಮನೆಗಳು, ರಾತ್ರಿ ಹತ್ತರವರೆಗೆ ತೆರೆದಿರುವ ಗ್ರಂಥಾಲಯ, ಒಂದು ಚಿಕ್ಕ ಆರೋಗ್ಯ ಕೇಂದ್ರ, ದಿನಕ್ಕೆ ನಾಲ್ಕು ಸಲ ಊರಿಗೆ ಹೋಗಿಬರುವ ವಿಶ್ವವಿದ್ಯಾಲಯದ ಬಸ್. ಗೇಟಿನ ಹೊರಗೆ ಎರಡು ಚಹಾದಂಗಡಿಗಳಿವೆ; ವಿದ್ಯಾರ್ಥಿಗಳು ಊರಿಗೆ ಹೋದರೆ ಅವೂ ಮುಚ್ಚುತ್ತವೆ. ಅಂದರೆ ಮೆಸ್ ನಿಂತಿತೆಂದರೆ ಆವರಣದಲ್ಲಿ ಉಳಿದವರಿಗೆ ನಡೆದು ಹೋಗುವಷ್ಟು ದೂರದಲ್ಲಿ ಎಲ್ಲಿಯೂ ಊಟ ಸಿಗುವುದಿಲ್ಲ.

ಅಡುಗೆಯವರು ಮತ್ತು ಸ್ವಚ್ಛತೆಯವರು ಸೇರಿ 34 ಜನ. ಎಲ್ಲರೂ ಏಜೆನ್ಸಿಯ ಮೂಲಕ ಬಂದ ಹೊರಗುತ್ತಿಗೆ ನೌಕರರು, ಹೆಚ್ಚಿನವರು ಸುತ್ತಲಿನ ಹಳ್ಳಿಯ ಹೆಂಗಸರು. ಕೂಲಿ ಹಾಜರಿಯ ಲೆಕ್ಕದಲ್ಲಿ. ದೊಡ್ಡ ಅಡುಗೆಮನೆಯನ್ನು ನಡೆಸುವವರನ್ನು ವಿದ್ಯಾರ್ಥಿಗಳೂ ನಾವೂ ‘ಅಕ್ಕ’ ಎಂದೇ ಕರೆಯುತ್ತೇವೆ. ಹದಿನೆಂಟು ವರ್ಷಗಳಲ್ಲಿ ಅವರು ಮೂರು ಏಜೆನ್ಸಿಗಳನ್ನು ಕಂಡಿದ್ದಾರೆ. ಏಜೆನ್ಸಿ ಬದಲಾದಾಗಲೆಲ್ಲ ಕಾಗದದ ಮೇಲೆ ಅವರು ಹೊಸಬರಾಗುತ್ತಾರೆ.

ಇನ್ನೊಬ್ಬರು ನೀರಿನ ಪಂಪ್ ನೋಡಿಕೊಳ್ಳುವ ಕಾಕಾ. ಕಾಯಂ ನೌಕರ. ನಾಲ್ಕು ಕೊಳವೆಬಾವಿ, ಎರಡು ಮೇಲ್ತೊಟ್ಟಿ, ಮೂವತ್ತಕ್ಕೂ ಹೆಚ್ಚು ವಾಲ್ವ್‌ಗಳು. ಯಾವುದನ್ನು ತಿರುಗಿಸಿದರೆ ನೀರು ಯಾವ ಕಟ್ಟಡಕ್ಕೆ ಹೋಗುತ್ತದೆ ಎಂಬುದು ಅವರೊಬ್ಬರಿಗೇ ಪೂರ್ತಿಯಾಗಿ ಗೊತ್ತಿತ್ತು.

ಸುತ್ತೋಲೆ

ರಜೆ ಡಿಸೆಂಬರ್ 21ರ ಶನಿವಾರದಿಂದ ಜನವರಿ 5ರ ಭಾನುವಾರದವರೆಗೆ. ಸುತ್ತೋಲೆ 11ರಂದೇ ಹೊರಡಬೇಕಿತ್ತು. 10ರಂದು ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ನಿಧನರಾದರು, 11ರಂದು ಸರ್ಕಾರಿ ರಜೆ. ಮುಂದಿನ ಎರಡು ದಿನ ಕಡತ ಮೇಜಿನಿಂದ ಮೇಜಿಗೆ ಹೋಗಿ, 13ರ ಶುಕ್ರವಾರ ಸಂಜೆ ಐದೂವರೆಗೆ ಸಹಿಯಾಯಿತು. 14 ಎರಡನೆಯ ಶನಿವಾರ, 15 ಭಾನುವಾರ. ಏನಾದರೂ ಕೇಳಬೇಕೆಂದರೆ ಕಚೇರಿಯಲ್ಲಿ ಜನ ಸಿಕ್ಕಿದ್ದು 16ರ ಸೋಮವಾರ. ನಿಲಯ ತೆರವು ಮಾಡಲು ಉಳಿದದ್ದು ಐದೇ ದಿನ.

ಇಂಗ್ಲಿಷಿನಲ್ಲಿ ಒಂದೂವರೆ ಪುಟ, ಹನ್ನೊಂದು ಅಂಶಗಳು. 21ರ ಮಧ್ಯಾಹ್ನದೊಳಗೆ ಎಲ್ಲ ಕೊಠಡಿಗಳನ್ನು ತೆರವು ಮಾಡಬೇಕು. ಮೆಸ್ ಇಲ್ಲ. ಗ್ರಂಥಾಲಯ ಕಚೇರಿ ವೇಳೆಯಲ್ಲಿ ಮಾತ್ರ. ಬಸ್ ಇಲ್ಲ. ಆರೋಗ್ಯ ಕೇಂದ್ರದಲ್ಲಿ ಶುಶ್ರೂಷಕಿ ಮಾತ್ರ. ಒಂಬತ್ತನೆಯ ಅಂಶದಲ್ಲಿ, ರಜೆಯ ಅವಧಿಗೆ ಹೊರಗುತ್ತಿಗೆ ಸಿಬ್ಬಂದಿಯ ಸೇವೆಯ ಅಗತ್ಯವಿರುವುದಿಲ್ಲ ಎಂಬ ಒಂದು ಸಾಲು. ಹತ್ತನೆಯದು, ಪಂಪ್ ಆಪರೇಟರ್ ಡಿಸೆಂಬರ್ 31ರಂದು ವಯೋನಿವೃತ್ತಿ ಹೊಂದುವರು ಎಂಬ ಇನ್ನೊಂದು ಸಾಲು. ಈ ಕರಡನ್ನು ಓದಿದ ಸಭೆಯಲ್ಲಿ ನಾನೂ ಇದ್ದೆ, ಒಪ್ಪಿದ್ದೆ. ಒಂದೊಂದು ಅಂಶವನ್ನೂ ಬೇರೆ ಬೇರೆಯಾಗಿ ನೋಡಿದರೆ ಯಾವುದರಲ್ಲಿಯೂ ತಪ್ಪಿರಲಿಲ್ಲ. ಇಷ್ಟೂ ಸೌಕರ್ಯಗಳು ಒಂದೇ ದಿನ ನಿಂತರೆ ಆವರಣದೊಳಗೆ ಇರುವ ಮನುಷ್ಯನ ಗತಿ ಏನು ಎಂದು ಆ ಮೇಜಿನ ಸುತ್ತ ಕುಳಿತ ನಾವು ಏಳೂ ಜನ ಕೇಳಲಿಲ್ಲ. ಎಲ್ಲರೂ ಊರಿಗೆ ಹೋಗುತ್ತಾರೆ ಎಂದುಕೊಂಡಿದ್ದೆವು.

16ರ ಬೆಳಿಗ್ಗೆ ನನ್ನ ಕೊಠಡಿಯ ಮುಂದೆ ನಲವತ್ತು ವಿದ್ಯಾರ್ಥಿಗಳು ನಿಂತಿದ್ದರು. ಸ್ವಚ್ಛತೆಯ ಒಬ್ಬ ಹೆಂಗಸು ಅದಾಗಲೇ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದ್ದರು. ಒಂಬತ್ತನೆಯ ಸಾಲನ್ನು ಗುಮಾಸ್ತರೊಬ್ಬರು ಅವರಿಗೆ ‘ಇನ್ನು ಬರುವುದು ಬೇಡವಂತೆ’ ಎಂದು ಕನ್ನಡದಲ್ಲಿ ತಿಳಿಸಿದ್ದರು. ರಜೆಯ ಅವಧಿಗೆ ಎಂಬ ಮಾತು ನಡುವೆ ಎಲ್ಲಿಯೋ ಬಿದ್ದುಹೋಗಿತ್ತು. ಅವರು ತೊಗರಿ ಕಟಾವಿನ ಕೂಲಿಗೆ ಹೋದರು. ಹುಡುಕಿ ಕರೆತರುವಷ್ಟರಲ್ಲಿ ನಾಲ್ಕು ದಿನಗಳ ಹಾಜರಿ ಹೋಗಿತ್ತು. ಆ ನಾಲ್ಕು ದಿನಗಳನ್ನು ಅವರಿಗೆ ಮರಳಿ ಕೊಡಿಸಲು ನನ್ನಿಂದ ಆಗಲಿಲ್ಲ.

ಮೊದಲ ಪ್ರಯತ್ನ, ಮತ್ತು ಅಕ್ಕನ ಲೆಕ್ಕ

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ರಜೆಯಲ್ಲಿ ಉಳಿಯಬೇಕಾದವರು ಕಾರಣ ಬರೆದು, ವಿಭಾಗದ ಮುಖ್ಯಸ್ಥರ ಸಹಿಯ ಚಿತ್ರವನ್ನು ಸೇರಿಸಿ ಗೂಗಲ್ ಫಾರ್ಮ್ ತುಂಬಬೇಕೆಂದು ತಿಳಿಸಿದೆ. ಮಂಗಳವಾರ ಸಂಜೆಯ ಹೊತ್ತಿಗೆ 38 ಹೆಸರುಗಳು ಬಂದವು. ಮೂವತ್ತೆಂಟು ಜನರಿಗಾದರೆ ಒಂದು ಮಹಡಿ ಸಾಕು, ಅಡುಗೆಗೆ ನಾಲ್ವರು ಸಾಕು. ಹಾಗೆಂದು ಟಿಪ್ಪಣಿಯನ್ನೂ ಬರೆದೆ.

ಅದನ್ನು ಕಳಿಸುವ ಮೊದಲು ದಿನಸಿಯ ಅಂದಾಜು ಕೇಳಲು ಅಡುಗೆಮನೆಗೆ ಹೋದೆ. ಅಕ್ಕ ಸಂಖ್ಯೆ ಕೇಳಿ ತಲೆಯಾಡಿಸಿದರು. “ಇಲ್ಲ ಸರ್, ನೂರಕ್ಕೆ ಕಡಿಮೆ ಇರುವುದಿಲ್ಲ. ಬಸ್ ನಿಲ್ಲುತ್ತವೆ ಎನ್ನುತ್ತಿದ್ದಾರಲ್ಲ, ಮಕ್ಕಳು ಊಟಕ್ಕೆ ಕುಳಿತಾಗ ಬೇರೆ ಮಾತೇ ಇಲ್ಲ.” ನನಗೆ ಆ ಮಾತು ಕೇಳಿಸಿಯೇ ಇರಲಿಲ್ಲ. ಸಾರಿಗೆ ನೌಕರರ ಸಂಘಟನೆಗಳು ಡಿಸೆಂಬರ್ 31ರಿಂದ ಅನಿರ್ದಿಷ್ಟ ಮುಷ್ಕರಕ್ಕೆ ಕರೆ ಕೊಟ್ಟಿದ್ದು ಪತ್ರಿಕೆಯಲ್ಲಿ ಓದಿದ್ದೆ. ಅದಕ್ಕೂ ನಮ್ಮ ಸುತ್ತೋಲೆಗೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ.

ಈ ಪ್ರಕರಣದ ಮೊದಲ ತಿರುವು ಇದು. ಫಾರ್ಮಿನ ಸಂಖ್ಯೆಯನ್ನು ಪಕ್ಕಕ್ಕಿಟ್ಟು, ಅಂದು ರಾತ್ರಿ ಮೂವರು ನಿಲಯಪಾಲಕರು ಮತ್ತು ನಾನು ಊಟದ ನಂತರ ಕೊಠಡಿಯಿಂದ ಕೊಠಡಿಗೆ ಹೋದೆವು. ಸಹಿ ಬೇಡ, ಕಾರಣ ಹೇಳಲೇಬೇಕೆಂದಿಲ್ಲ, ಉಳಿಯುತ್ತೀರೋ ಇಲ್ಲವೋ ಅಷ್ಟು ಹೇಳಿ ಎಂದೆವು. ಲೆಕ್ಕ 127ಕ್ಕೆ ಬಂತು.

ಕೇಳದಿದ್ದರೂ ಹೆಚ್ಚಿನವರು ಕಾರಣ ಹೇಳಿದರು. ಡಿಸೆಂಬರ್ 29ರ ಭಾನುವಾರ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಮರುಪರೀಕ್ಷೆ ಇತ್ತು. ಆಗಸ್ಟ್ 27ರಂದು ನಡೆದಿದ್ದ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಕನ್ನಡ ಅನುವಾದ ತಪ್ಪುಗಳಿಂದ ತುಂಬಿದ್ದ ಕಾರಣಕ್ಕೆ ಮತ್ತೆ ಬರೆಯಬೇಕಾಗಿ ಬಂದ ಮಕ್ಕಳು ಅವರು. ಕೆಟ್ಟ ಕನ್ನಡದಿಂದ ಒಮ್ಮೆ ಪೆಟ್ಟು ತಿಂದವರ ಕೈಗೆ ಕನ್ನಡವೇ ಇಲ್ಲದ ಸುತ್ತೋಲೆಯನ್ನು ಕೊಟ್ಟಿದ್ದೇವೆ ಎಂದು ಆ ರಾತ್ರಿ ಮನಸ್ಸಿಗೆ ಚುಚ್ಚಿತು. ಇನ್ನೂ ಹಲವರಿಗೆ ಜನವರಿ 3ರಿಂದ ಆರಂಭವಾಗುವ ಎನ್‌ಇಟಿ, ಅಂದರೆ ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಊರಿಗೆ ಹೋಗಿ 31ರ ನಂತರ ಬಸ್ ಸಿಗದಿದ್ದರೆ ಪರೀಕ್ಷಾ ಕೇಂದ್ರ ತಲುಪುವುದು ಹೇಗೆ ಎಂಬ ಭಯ. ಮಹಿಳಾ ನಿಲಯದಲ್ಲಿ ಈ ಭಯ ಹೆಚ್ಚು. ಶಕ್ತಿ ಯೋಜನೆಯ ಉಚಿತ ಪ್ರಯಾಣ ನಂಬಿಕೊಂಡವರಿಗೆ ಸರ್ಕಾರಿ ಬಸ್ ನಿಂತರೆ ಖಾಸಗಿ ಬಸ್ಸಿನ ದುಡ್ಡು ಹೊಂದಿಸುವುದೇ ಕಷ್ಟ.

ಎರಡನೆಯ ಮಹಡಿಯ ಒಬ್ಬ ಹುಡುಗ ಮಾತ್ರ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ ಹೇಳಿದ: “ಸರ್, ನಮ್ಮ ಮನೆಗೆ ಬೀಗ ಹಾಕಿದೆ. ಅಪ್ಪ, ಅವ್ವ ಕಬ್ಬು ಕಡಿಯಲು ಹೋಗಿದ್ದಾರೆ. ಮಾರ್ಚ್‌ಗೆ ಬರುತ್ತಾರೆ.” ಅಂಥವರು ಆ ನಿಲಯವೊಂದರಲ್ಲೇ ಒಂಬತ್ತು ಜನ ಇದ್ದರು. ಫಾರ್ಮಿನಲ್ಲಿ ಕಾರಣ ಎಂಬ ಜಾಗದಲ್ಲಿ ಅವರು ಏನೆಂದು ಬರೆಯಬೇಕಿತ್ತು, ಅದಕ್ಕೆ ವಿಭಾಗದ ಮುಖ್ಯಸ್ಥರು ಏನೆಂದು ಸಹಿ ಹಾಕಬೇಕಿತ್ತು? ಫಾರ್ಮ್ ತುಂಬದವರನ್ನು ಉದಾಸೀನರೆಂದು ನಾನು ಎಣಿಸಿದ್ದೆ. ಅವರಲ್ಲಿ ಬಹಳಷ್ಟು ಜನ ನಾಚಿಕೆಯಿಂದ ತುಂಬಿರಲಿಲ್ಲ.

ತಿದ್ದುಪಡಿ

18ರಂದು ಕುಲಸಚಿವರನ್ನು ಕಂಡೆವು. ಅವರು ಪಟ್ಟಿ ನೋಡಿ ಹೆಚ್ಚು ವಾದ ಮಾಡದೆ ಒಪ್ಪಿದರು. ಅದು ಅವರ ದೊಡ್ಡತನ. ಒಂದು ಪುರುಷರ ನಿಲಯ, ಒಂದು ಮಹಿಳೆಯರ ನಿಲಯ, ದೊಡ್ಡ ಅಡುಗೆಮನೆ ತೆರೆದಿರುವುದು; ಗ್ರಂಥಾಲಯದ ಓದುವ ಕೋಣೆ ಮೊದಲಿನಂತೆ ರಾತ್ರಿ ಹತ್ತರವರೆಗೆ; 29ರ ಬೆಳಿಗ್ಗೆ ಮತ್ತು ಎನ್‌ಇಟಿ ದಿನಗಳಲ್ಲಿ ಬಸ್. ಹೊಸ ಸುತ್ತೋಲೆ ಕನ್ನಡದಲ್ಲಿ, ಒಂದೇ ಪುಟ. ಪ್ರತಿಯೊಂದು ಸೌಲಭ್ಯದ ಎದುರು ಸಮಯ, ಹೊಣೆ ಹೊತ್ತವರ ಹುದ್ದೆ, ಫೋನ್ ಸಂಖ್ಯೆ. ಸೂಚನಾ ಫಲಕಕ್ಕಿಂತ ಮೊದಲು ಅದನ್ನು ಊಟದ ಕೋಣೆಯ ಬಾಗಿಲಿಗೆ ಅಂಟಿಸಿದೆವು.

ಕಷ್ಟವಾದದ್ದು ಕೂಲಿಯ ಪ್ರಶ್ನೆ. 127 ಜನರಿಗೆ ಅಡುಗೆಯವರು ಹನ್ನೆರಡು ಜನ ಸಾಕು. ಉಳಿದವರಿಗೆ ಎರಡು ವಾರ ಕೆಲಸವಿಲ್ಲ, ಹಾಜರಿಯಿಲ್ಲ, ದುಡ್ಡಿಲ್ಲ. ಇಲ್ಲಿಯೂ ದಾರಿ ತೋರಿಸಿದವರು ಅಕ್ಕ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಮಾಡುವ ದೊಡ್ಡ ಸ್ವಚ್ಛತೆಯನ್ನು ಈಗಲೇ ಏಕೆ ಮಾಡಬಾರದು ಎಂದರು. ಹಾಸಿಗೆಗಳನ್ನು ಬಿಸಿಲಿಗೆ ಹಾಕಿ ತಿಗಣೆ ತೆಗೆಯುವುದು, ಅಡುಗೆಮನೆಯ ಮಸಿ ಉಜ್ಜುವುದು, ಮೇಲ್ತೊಟ್ಟಿ ತೊಳೆಯುವುದು. ಏಪ್ರಿಲ್‌ನಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟಿರುತ್ತದೆ, ತೊಟ್ಟಿ ತೊಳೆಯಲು ನೀರೂ ಇರುವುದಿಲ್ಲ. ಅಭಿಯಂತರ ವಿಭಾಗದಲ್ಲಿ ಇದಕ್ಕೆ ಹಣ ಇದ್ದೇ ಇತ್ತು. ಪಾಳಿ ಹಾಕಿ 31 ಜನರಿಗೆ ಕೆಲಸ ಹಂಚಿದೆವು. ಮೂವರು ತಾವಾಗಿಯೇ ರಜೆ ಕೇಳಿದರು. ಸಂಸ್ಥೆಗೆ ಹೆಚ್ಚಿನ ಖರ್ಚಿಲ್ಲದೆ ಆದ ಕೆಲಸ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ತೀರ್ಮಾನವೂ ಇದೇ. ಹಾಗಿದ್ದೂ ತೊಟ್ಟಿಯ ಕೆಲಸವೇ ಮುಂದೆ ತೊಂದರೆಗೆ ಕಾರಣವಾಯಿತು. ಆ ಮಾತಿಗೆ ಬರುತ್ತೇನೆ.

ನವೆಂಬರಿನ ಕೂಲಿ

ಪಾಳಿ ಪಟ್ಟಿ ಓದಿ ಹೇಳಲು ಎಲ್ಲರನ್ನೂ ಕರೆದಾಗ, ಹಿಂದೆ ನಿಂತಿದ್ದವರೊಬ್ಬರು ಕೇಳಿದರು: “ರಜೆಯ ಕೂಲಿ ಆಮೇಲೆ ಸರ್. ನವೆಂಬರಿನದು ಯಾವಾಗ?” ಆ ದಿನ ಡಿಸೆಂಬರ್ 19. ಟೆಂಡರಿನ ಷರತ್ತಿನಂತೆ ಏಳನೆಯ ತಾರೀಖಿನೊಳಗೆ ಕೂಲಿ ಕೊಡಬೇಕಿತ್ತು. ಏಜೆನ್ಸಿ ತನ್ನ ಬಿಲ್ಲಿಗೆ ಭವಿಷ್ಯ ನಿಧಿ ಮತ್ತು ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಟ್ಟಿದ ಚಲನ್ ಲಗತ್ತಿಸಿರಲಿಲ್ಲ. ಚಲನ್ ಇಲ್ಲವೆಂದು ಹಣಕಾಸು ವಿಭಾಗ ಬಿಲ್ ತಡೆದಿತ್ತು. ಬಿಲ್ ಆಗಿಲ್ಲವೆಂದು ಏಜೆನ್ಸಿ ಕೂಲಿ ತಡೆದಿತ್ತು. ಎರಡು ಕಡೆಯ ಕಾಗದಗಳೂ ಕ್ರಮಬದ್ಧವಾಗಿದ್ದವು. ನಡುವೆ 34 ಮನೆಗಳಿಗೆ ದುಡ್ಡು ಬಂದಿರಲಿಲ್ಲ.

23ರ ಸೋಮವಾರ ಹಣಕಾಸು ಅಧಿಕಾರಿಯ ಎದುರು ಕುಳಿತೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೆಯ ಕಲಮಿನ ಪ್ರತಿ ನನ್ನ ಕೈಯಲ್ಲಿತ್ತು. ಗುತ್ತಿಗೆದಾರ ಕೂಲಿ ಕೊಡಲು ತಪ್ಪಿದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕು, ಆಮೇಲೆ ಗುತ್ತಿಗೆದಾರನ ಬಾಕಿಯಿಂದ ವಸೂಲು ಮಾಡಿಕೊಳ್ಳಬಹುದು ಎಂದು ಅದು ಹೇಳುತ್ತಿತ್ತು. ಅಧಿಕಾರಿ ಅದನ್ನು ಅಲ್ಲಗಳೆಯಲಿಲ್ಲ. ನೇರವಾಗಿ ಕೊಟ್ಟರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರಬಹುದು, ಏಜೆನ್ಸಿಯವರು 26ಕ್ಕೆ ಚಲನ್ ತರುತ್ತೇವೆ ಎಂದಿದ್ದಾರೆ, 27ಕ್ಕೆ ಸಹಿ ಮಾಡಿಬಿಡುತ್ತೇನೆ, ನಾಲ್ಕೇ ದಿನ ಎಂದರು. ನಾನು ಒಪ್ಪಿ ಎದ್ದು ಬಂದೆ.

ಚಲನ್ 26ರಂದು ಬಂತು. ಅಂದು ರಾತ್ರಿ ಮಾಜಿ ಪ್ರಧಾನಿ ಡಾ. ಮನಮೋಹನ ಸಿಂಗ್ ನಿಧನರಾದರು, 27ರಂದು ರಾಜ್ಯದಲ್ಲಿ ಸರ್ಕಾರಿ ರಜೆ ಘೋಷಣೆಯಾಯಿತು. 28 ನಾಲ್ಕನೆಯ ಶನಿವಾರ. 29 ಭಾನುವಾರ. ಸಹಿಯಾದದ್ದು 30ರಂದು, ಖಾತೆಗಳಿಗೆ ದುಡ್ಡು ಬಿದ್ದದ್ದು 31ರಂದು.

ಅನಿರೀಕ್ಷಿತ ರಜೆಯೊಂದು ಕೆಲಸ ಕೆಡಿಸುತ್ತದೆ ಎಂಬುದನ್ನು ಅದೇ ತಿಂಗಳ 11ರಂದು ನಾವು ಕಂಡಿದ್ದೆವು. ಕೈಯಲ್ಲಿ ಕಾನೂನು ಇದ್ದಾಗಲೂ ನಾಲ್ಕು ದಿನ ಎಂಬ ಮಾತಿಗೆ ನಾನು ಒಪ್ಪಿದ್ದು ಈ ಪ್ರಕರಣದ ನನ್ನ ದೊಡ್ಡ ತಪ್ಪು. ಕೂಲಿ ತಡವಾದ ಕಡತವನ್ನು ಶುಕ್ರವಾರಕ್ಕೆ ಮುಂದೂಡಲೇ ಬಾರದು. ಅಂದೇ, ಅಲ್ಲಿಯೇ ಕುಳಿತು ಸಹಿ ಮಾಡಿಸಿಕೊಂಡು ಏಳಬೇಕಿತ್ತು.

ಈ ತಡ ಅವರಿಗೆ ಎಷ್ಟು ಭಾರವಾಗಿತ್ತೆಂದು ತಿಳಿಯಲು ನಮ್ಮ ಸೀಮೆಯ ಹಬ್ಬ ತಿಳಿದಿರಬೇಕು. 30ರ ಸೋಮವಾರ ಎಳ್ಳ ಅಮಾವಾಸ್ಯೆ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ನಿಂತ ಪೈರಿನಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುವ ದಿನ. ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಬೇಯಿಸಿ ಮಾಡುವ ಭಜ್ಜಿ, ಶೇಂಗಾ ಹೋಳಿಗೆ. ಆ ಸಾಮಾನನ್ನು ಬಹಳಷ್ಟು ಜನ ಉದ್ದರಿ ತಂದಿದ್ದರು ಎಂದು ಆಮೇಲೆ ಗೊತ್ತಾಯಿತು.

ಆ ದಿನ ಅಡುಗೆಯವರೆಲ್ಲರಿಗೂ ರಜೆ ಬೇಕಿತ್ತು, 127 ಜನರಿಗೆ ಊಟವೂ ಬೇಕಿತ್ತು. ನಾನು ಊರಿನ ಹೋಟೆಲಿನಿಂದ ಊಟ ತರಿಸುವ ಲೆಕ್ಕ ಹಾಕುತ್ತಿದ್ದೆ. ವಿದ್ಯಾರ್ಥಿಗಳೇ ಬಂದು, ಮಧ್ಯಾಹ್ನದ ಅನ್ನ ಸಾರು ತಾವು ಮಾಡಿಕೊಳ್ಳುತ್ತೇವೆ ಎಂದರು. ಅಕ್ಕ ಬೆಳಿಗ್ಗೆ ಐದಕ್ಕೆ ಬಂದು ಪಲ್ಯ, ಚಟ್ನಿ ಮುಗಿಸಿ, ತರಕಾರಿ ಹೆಚ್ಚಿಟ್ಟು, ಗ್ಯಾಸಿನ ಒಲೆ ಹಚ್ಚುವುದನ್ನು ಆರು ಜನರಿಗೆ ಎರಡೆರಡು ಸಲ ಮಾಡಿ ತೋರಿಸಿ ಹೋದರು. ಇಡೀ ಹೊತ್ತು ಒಬ್ಬ ನಿಲಯಪಾಲಕರು ಒಲೆಯ ಪಕ್ಕದಲ್ಲೇ ಇದ್ದರು. ಅನ್ನ ಸ್ವಲ್ಪ ಮುದ್ದೆಯಾಯಿತು, ಯಾರೂ ಹಸಿದು ಮಲಗಲಿಲ್ಲ. ಸಂಜೆ ಐದಾರು ಮನೆಗಳಿಂದ ಭಜ್ಜಿಯ ಡಬ್ಬಿಗಳು ನಿಲಯಕ್ಕೆ ಬಂದವು. ಕಳಿಸಿದವರಿಗೆ ನವೆಂಬರಿನ ಕೂಲಿ ಆಗಿನ್ನೂ ತಲುಪಿರಲಿಲ್ಲ. ಮನೆಗೆ ಬೀಗ ಬಿದ್ದಿದ್ದ ಆ ಹುಡುಗ ಊಟದ ಕೋಣೆಯ ಮೂಲೆಯಲ್ಲಿ ಕುಳಿತು ಎರಡು ರೊಟ್ಟಿ ತಿಂದದ್ದನ್ನು ನೋಡಿದೆ.

ಸಾರಿಗೆ ಮುಷ್ಕರ ಸರ್ಕಾರದ ಭರವಸೆಯ ಮೇಲೆ ಕೊನೆಯ ಗಳಿಗೆಯಲ್ಲಿ ಮುಂದಕ್ಕೆ ಹೋಯಿತು. ಹಾಗೆಂದು ಉಳಿದುಕೊಂಡವರ ಲೆಕ್ಕ ತಪ್ಪಾಗಿತ್ತೆಂದು ನಾನು ಹೇಳಲಾರೆ. 17ರಂದು ತೀರ್ಮಾನ ಮಾಡಬೇಕಾದವರಿಗೆ ಅದು ತಿಳಿಯುವಂತಿರಲಿಲ್ಲ.

ನೀರು

31ರ ಸಂಜೆ ಕಾಕಾ ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಟ್ಟೆವು. ಅವರ ಸೇವೆಯ ಬಗ್ಗೆ ನಾನೂ ಎರಡು ಮಾತು ಆಡಿದೆ. ಅವರ ಜಾಗಕ್ಕೆ ಹೊರಗುತ್ತಿಗೆಯ ಹೊಸ ಹುಡುಗ 30ರಂದು ಬಂದಿದ್ದ. ಒಂದೂವರೆ ದಿನ ಅವರ ಹಿಂದೆ ತಿರುಗಿದ್ದ.

ಜನವರಿ 1ರಂದು ಮೊದಲ ಮೇಲ್ತೊಟ್ಟಿಯನ್ನು ತೊಳೆಯಲು ಖಾಲಿ ಮಾಡಿದ್ದರು. 2ರ ಬೆಳಿಗ್ಗೆ ಐದಕ್ಕೆ ಮಹಿಳಾ ನಿಲಯದಲ್ಲಿ ನೀರಿಲ್ಲ. ಆ ಹುಡುಗ ಪಂಪ್ ಹಾಕಿದ್ದ, ವಾಲ್ವ್ ತಿರುಗಿಸಿದ್ದ. ರಾತ್ರಿಯಿಡೀ ನೀರು ಎರಡನೆಯ ತೊಟ್ಟಿಯ ಬದಲು ಖಾಲಿ ತೊಟ್ಟಿಗೆ ಏರಿ, ತೆರೆದಿಟ್ಟಿದ್ದ ಕೊಳವೆಯಿಂದ ಹೊಲಕ್ಕೆ ಹರಿದಿತ್ತು. ಮರುದಿನ ಪರೀಕ್ಷೆ ಇದ್ದ ಹೆಣ್ಣುಮಕ್ಕಳು ಬಕೆಟ್ ಹಿಡಿದು ಗ್ರಂಥಾಲಯದ ಹಿಂದಿನ ನಲ್ಲಿಗೆ ನಡೆದರು. ಅಭಿಯಂತರ ವಿಭಾಗದಲ್ಲಿ ನಕ್ಷೆ ಕೇಳಿದೆವು. ಇದ್ದದ್ದು ಹಳೆಯ ನಕ್ಷೆ; ಅದರಲ್ಲಿ ಎರಡು ನಿಲಯಗಳೇ ಇರಲಿಲ್ಲ.

ಏಳೂವರೆಗೆ ಕಾಕಾ ಅವರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಎರಡೇ ದಿನ. ಇಪ್ಪತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಮಗನ ಬೈಕಿನ ಹಿಂದೆ ಕುಳಿತು ಬಂದರು. ಹತ್ತು ಗಂಟೆಗೆ ನೀರು ಬಂತು. ಅವರನ್ನು ಕಳಿಸಿಕೊಡಲು ಗೇಟಿನವರೆಗೆ ಹೋದಾಗ ಹೇಳಿದರು: “ಯಾರಾದರೂ ಕೇಳಿದ್ದರೆ ಬರೆಸಿ ಇಡುತ್ತಿದ್ದೆ ಸರ್.” ದೂರುವ ದನಿ ಇರಲಿಲ್ಲ, ಬೇಸರವಿತ್ತು.

ಸುತ್ತೋಲೆಯ ಹತ್ತನೆಯ ಸಾಲನ್ನು ಮೂರು ವಾರಗಳಿಂದ ನಾವೆಲ್ಲ ಓದಿದ್ದೆವು. ಮೊದಲ ಕರಡನ್ನು ಅಷ್ಟೆಲ್ಲ ತಿದ್ದಿದಾಗಲೂ ಆ ಸಾಲನ್ನು ಮುಟ್ಟಲಿಲ್ಲ. ಅದನ್ನು ಸಿಬ್ಬಂದಿಯ ಸುದ್ದಿ ಎಂದು ಓದಿದೆವು, ನೀರಿನ ಸುದ್ದಿ ಎಂದು ಓದಲಿಲ್ಲ. ತೊಟ್ಟಿ ತೊಳೆಯುವ ಕೆಲಸವನ್ನು 31ರ ಒಳಗೆ, ಕಾಕಾ ಇರುವಾಗಲೇ ಮುಗಿಸಿದ್ದರೆ ಸಾಕಿತ್ತು. ಪಾಳಿ ಪಟ್ಟಿಯನ್ನೂ ಸುತ್ತೋಲೆಯನ್ನೂ ಒಂದರ ಪಕ್ಕ ಒಂದನ್ನು ಇಟ್ಟು ನೋಡಿದ್ದರೆ ಐದು ನಿಮಿಷದಲ್ಲಿ ಕಾಣುತ್ತಿತ್ತು.

ಆಮೇಲೆ

ರಜೆ ಮುಗಿದ ವಾರ ಕಾಕಾ ಅವರಿಗೆ ಗೌರವಧನ ಕೊಟ್ಟು ಮೂರು ದಿನ ಕರೆಸಿಕೊಂಡೆವು. ಪ್ರತಿ ವಾಲ್ವ್‌ಗೂ ಬಣ್ಣದಲ್ಲಿ ಸಂಖ್ಯೆ ಬರೆಸಿದರು. ಅವರು ಹೇಳುತ್ತ ಹೋದಂತೆ ಭೂಗೋಳ ವಿಭಾಗದ ಇಬ್ಬರು ವಿದ್ಯಾರ್ಥಿಗಳು ನಕ್ಷೆ ಬಿಡಿಸಿದರು. ಅದು ಈಗ ಪಂಪ್ ಮನೆಯ ಗೋಡೆಯ ಮೇಲಿದೆ.

2025ರ ದಸರಾ ರಜೆಗೆ ಮುಂಚಿನ ಸಭೆಯಲ್ಲಿ ಅಕ್ಕ ಮತ್ತು ಪಂಪ್ ಮನೆಯ ಹುಡುಗ ಇಬ್ಬರೂ ಕುಳಿತಿದ್ದರು. ಅಕ್ಕ ಮೊದಲಿಗೆ ಗೋಡೆಗೆ ಒರಗಿ ನಿಂತೇ ಇದ್ದರು, ಕುರ್ಚಿ ಎಳೆದು ಕೊಟ್ಟ ಮೇಲೆ ಕುಳಿತರು. ರಜೆಯಲ್ಲಿ ಯಾರ ಯಾರ ಮನೆಗೆ ಬೀಗ ಇರುತ್ತದೆ ಎಂಬುದನ್ನು ಈಗ ಪ್ರವೇಶದ ಸಮಯದಲ್ಲೇ ನಿಲಯಪಾಲಕರು ಗುಟ್ಟಾಗಿ ಕೇಳಿ ತಿಳಿದುಕೊಳ್ಳುತ್ತಾರೆ. ಸುತ್ತೋಲೆ ಮೂರು ವಾರ ಮೊದಲೇ ಕನ್ನಡದಲ್ಲಿ ಬಂತು.

ಕೂಲಿಯ ಮಾತು ಇನ್ನೂ ಬಗೆಹರಿದಿಲ್ಲ. ಏಜೆನ್ಸಿ ಏಳನೆಯ ತಾರೀಖು ದಾಟಿಸಿದರೆ ಹತ್ತನೆಯ ತಾರೀಖಿಗೆ ವಿಶ್ವವಿದ್ಯಾಲಯವೇ ನೇರವಾಗಿ ಕೊಟ್ಟು ಬಿಲ್ಲಿನಲ್ಲಿ ಕಡಿತ ಮಾಡಬೇಕು ಎಂಬ ಷರತ್ತನ್ನು ಹೊಸ ಟೆಂಡರಿಗೆ ಸೇರಿಸಲು ಟಿಪ್ಪಣಿ ಬರೆದಿದ್ದೆ. ಮೂರು ನೆನಪೋಲೆಗಳನ್ನು ಕಳಿಸಿದೆ. ಪ್ರಭಾರವನ್ನು ಮುಂದಿನವರಿಗೆ ಒಪ್ಪಿಸುವಾಗ ಆ ಕಡತದ ಸಂಖ್ಯೆಯನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಬರೆದುಕೊಟ್ಟಿದ್ದೇನೆ.